ಹೆಸರು ಕೊನೆಗೆ

ಇದು ನಡೆದದ್ದು ಹೋದ ವರ್ಷ, ಆಶ್ಲೇಷ ಮಳೆ ಹಿಡಿದಿದ್ದ ವಾರ.

ಚಿತ್ರದುರ್ಗದ ಕಡೆ ಒಂದು ಸಣ್ಣ ಊರು. ಊರಿನ ಹಿಂದೆ ಕುರುಚಲು ಕಾಡು. ಜಾಲಿ, ಕಾರೆ, ತಂಗಡಿ, ನಡುನಡುವೆ ಬಂಡೆ. ಹುಲಿ ಇಲ್ಲ, ಆನೆ ಇಲ್ಲ. ಹಾಗಾಗಿ ಅದನ್ನು ಯಾರೂ ಕಾಡು ಎಂದು ಕರೆಯುತ್ತಿರಲಿಲ್ಲ. ಕುರಿ ಮೇಯುವ ಜಾಗ ಎನ್ನುತ್ತಿದ್ದರು.

ರುದ್ರಮುನಿ ಮೇಷ್ಟ್ರು ಮಾತ್ರ ಕಾಡು ಎನ್ನುತ್ತಿದ್ದರು. ಅವರು ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಭಾನುವಾರ ಬೆಳಗ್ಗೆ ಕೊರಳಿಗೆ ದುರ್ಬೀನು ಹಾಕಿಕೊಂಡು ಹಕ್ಕಿ ನೋಡಲು ಹೊರಡುತ್ತಿದ್ದರು. ಜೊತೆಗೆ ಅವರ ಹಳೆಯ ವಿದ್ಯಾರ್ಥಿನಿ ಕಲಾವತಿ. ಅವಳು ಈಗ ಕಾಲೇಜಿನಲ್ಲಿ ಓದುತ್ತಿದ್ದಳು.

ಮೇಷ್ಟ್ರದು ಒಂದು ಕ್ರಮ ಇತ್ತು. ಹಕ್ಕಿ ಕಂಡ ಕೂಡಲೇ ಹೆಸರು ಹೇಳುವಂತಿಲ್ಲ. ಎಲ್ಲಿ ಕೂತಿದೆ, ಅದನ್ನು ಮೊದಲು ಹೇಳಬೇಕು. ಆಮೇಲೆ ಏನು ಮಾಡುತ್ತಿದೆ. ಆಮೇಲೆ ಕೊಕ್ಕು, ಕಾಲು, ಬಾಲ. ಸುತ್ತಲಿನ ಹಕ್ಕಿಗಳು ಅದನ್ನು ಕಂಡು ಏನು ಮಾಡುತ್ತಿವೆ ಎಂದೂ ಹೇಳಬೇಕು. ಇಷ್ಟಾದ ಮೇಲೆ ಹೆಸರು.

“ಹೆಸರು ಯಾಕೆ ಸಾರ್ ಕೊನೆಗೆ?” ಎಂದು ಕಲಾವತಿ ಕೇಳಿದ್ದಳು.

“ಹೆಸರು ಸಿಕ್ಕಿದ ಕೂಡಲೇ ಕಣ್ಣು ರಜೆ ಹಾಕುತ್ತೆ ಕಣಮ್ಮ.”

ಕಲಾವತಿಗೆ ಈ ಕ್ರಮ ಕಷ್ಟ. ಹಕ್ಕಿಗಳ ಪುಸ್ತಕ ಪೂರ್ತಿ ಅವಳಿಗೆ ಬಾಯಿಪಾಠ. ರೆಕ್ಕೆಯ ತುದಿ ಕಂಡರೆ ಸಾಕು, ಹೆಸರು ನಾಲಿಗೆ ಮೇಲೆ ಬಂದು ನಿಲ್ಲುತ್ತಿತ್ತು. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯೂ ಇರುತ್ತಿತ್ತು. ಅದೇ ತೊಂದರೆ.

“ನಿನ್ನ ಬಾಯಿಗೊಂದು ಬ್ರೇಕು ಹಾಕಿಸಬೇಕು” ಎಂದು ಮೇಷ್ಟ್ರು ನಗುತ್ತಿದ್ದರು.

ಆ ಭಾನುವಾರ ಮೇಷ್ಟ್ರಿಗೆ ಜ್ವರ. ದುರ್ಬೀನನ್ನು ಕಲಾವತಿಯ ಕೈಗೆ ಕೊಟ್ಟು ಮಲಗಿದರು. ಅವಳು ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದಳು. ಊರಿನ ಅಂಚಿನ ಮನೆಯ ಹಿತ್ತಲಿನಿಂದ ಯಾರೋ ಕೂಗಿದರು.

“ಏ ಕಲಮ್ಮ! ಹಕ್ಕಿ ನೋಡೋಳೇ! ಬಾರೇ ಇಲ್ಲಿ.”

ತಿಪ್ಪಜ್ಜಿ. ಒಂಟಿ ಹೆಂಗಸು. ಕೋಳಿ ಸಾಕುತ್ತಿದ್ದಳು. ಅವಳ ಹಿತ್ತಲಿಗೆ ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ದೊಡ್ಡ ಕಾರೆ ಪೊದೆ. ಪೊದೆಯ ಆಚೆಗೆ ಕುರುಚಲು ಕಾಡು ಶುರು.

“ನನ್ನ ಕೋಳಿಮರಿ ಒಂದೊಂದಾಗಿ ಮಾಯ ಆಗ್ತಾವೆ ಕಣೇ. ಮೊನ್ನೆ ಒಂದು, ಇವತ್ತು ಒಂದು. ಈ ಪೊದೆಯಾಗೆ ಯಾವುದೋ ಹಕ್ಕಿ ಸೇರ್ಕಂಡೈತೆ. ಅದು ಯಾವುದು ಅಂತ ಹೇಳು.”

ಅವಳು ಮಾತು ಮುಗಿಸುವಷ್ಟರಲ್ಲಿ ಪೊದೆಯಿಂದ ಒಂದು ಹಕ್ಕಿ ಹಾರಿತು. ಪಾರಿವಾಳದ ಗಾತ್ರ. ಕಂದು ಬೆನ್ನು, ಉದ್ದ ಬಾಲ, ಬಾಲಕ್ಕೆ ಅಡ್ಡ ಪಟ್ಟಿ. ರೆಕ್ಕೆ ಬಡಿದು, ಸ್ವಲ್ಪ ತೇಲಿ, ಆಚೆಯ ಜಾಲಿ ಮರದೊಳಗೆ ಮರೆಯಾಯಿತು.

“ಗಿಡುಗ ಅಜ್ಜಿ” ಎಂದಳು ಕಲಾವತಿ.

ಕೇಳಿದ ಪ್ರಶ್ನೆಗೆ ತಕ್ಷಣ ಉತ್ತರ ಕೊಟ್ಟ ಖುಷಿ ಅವಳಿಗೆ. ಅಷ್ಟೇ ಅಲ್ಲ, ಊರಿನವರು ಅವಳನ್ನು ಹಕ್ಕಿಯ ಬಗ್ಗೆ ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ “ಹುಡುಗಿಗೆ ಬೇರೆ ಕೆಲಸ ಇಲ್ಲ” ಎನ್ನುತ್ತಿದ್ದರು.

“ನಾನೂ ಅದೇ ಅಂದ್ಕಂಡಿದ್ದೆ” ಎಂದಳು ತಿಪ್ಪಜ್ಜಿ. “ಆದ್ರೆ ನನ್ನ ಕಣ್ಣು ಮಬ್ಬು. ಓದಿದೋಳು ನೀನು ಹೇಳಿದ ಮೇಲೆ ಮುಗೀತು.”

ಏನು ಮುಗಿಯಿತು ಎಂದು ಕಲಾವತಿ ಕೇಳಲಿಲ್ಲ.

ಮಧ್ಯಾಹ್ನ ಅವಳು ದುರ್ಬೀನು ಹಿಂದಿರುಗಿಸಲು ಹೋದಳು. ಮೇಷ್ಟ್ರು ಕಂಬಳಿ ಹೊದ್ದು ಕೂತು ಗಂಜಿ ಕುಡಿಯುತ್ತಿದ್ದರು.

“ಏನು ಸಿಕ್ತು?”

“ತಿಪ್ಪಜ್ಜಿ ಹಿತ್ತಲಲ್ಲಿ ಗಿಡುಗ ಸಾರ್. ಎಳೇದು.”

“ಆಹಾ, ಹೆಸರು ಮೊದಲೇ ಬಂತು. ಏನು ಮಾಡ್ತಿತ್ತು?”

“ಹಾರಿ ಹೋಯ್ತು.”

“ಅದಕ್ಕೂ ಮೊದಲು?”

“ಪೊದೆಯೊಳಗಿತ್ತು.”

“ಒಳಗೆ ಏನು ಮಾಡ್ತಿತ್ತು?”

“ಎಲೆ ದಟ್ಟ ಇತ್ತು ಸಾರ್.”

“ಕೊಕ್ಕು ಕೊಂಡಿಯ ಹಾಗಿತ್ತಾ? ಕಾಲು ನೋಡಿದೆಯಾ?”

“ಇಲ್ಲ ಸಾರ್.”

“ಸುತ್ತ ಬೇರೆ ಹಕ್ಕಿ?”

ಅವಳು ನೆನಪು ಮಾಡಿಕೊಂಡಳು. “ಹರಟೆಮಲ್ಲಗಳಿದ್ದವು. ಪೊದೆಯ ಬುಡದಲ್ಲಿ ಎಲೆ ಕೆದಕುತ್ತಿದ್ದವು.”

ಹರಟೆಮಲ್ಲ ಗೊತ್ತಲ್ಲ ಮಕ್ಕಳೇ? ಬೂದು ಬಣ್ಣದ ಸಾಧಾರಣ ಹಕ್ಕಿ. ಗುಂಪಾಗಿ ಓಡಾಡುತ್ತದೆ. ದಿನವಿಡೀ ಬಾಯಿ ಮುಚ್ಚುವುದಿಲ್ಲ. ಗಿಡುಗ ಕಂಡರಂತೂ ಇಡೀ ಊರಿಗೆ ಕೇಳುವ ಹಾಗೆ ಅರಚುತ್ತದೆ.

“ಗಿಡುಗ ತಲೆ ಮೇಲಿದೆ. ಹರಟೆಮಲ್ಲಗಳು ಕೆಳಗೆ ಎಲೆ ಕೆದಕುತ್ತಾ ಇವೆ. ಹೌದಾ?” ಎಂದರು ಮೇಷ್ಟ್ರು.

“ಅರಚಬೇಕಿತ್ತು ಸಾರ್” ಎಂದಳು ಕಲಾವತಿ.

“ನಿನಗೆ ಗಿಡುಗ ಕಂಡಿತು. ನೀನು ನೋಡಲಿಲ್ಲ. ಕಾಣೋದು ಅದರಷ್ಟಕ್ಕೆ ಆಗುತ್ತೆ. ನೋಡೋದು ನಾವು ಮಾಡಬೇಕಾದ ಕೆಲಸ.” ಅವರು ದುರ್ಬೀನನ್ನು ಮತ್ತೆ ಅವಳ ಕಡೆಗೇ ತಳ್ಳಿದರು. “ನಾಳೆ ಬೆಳಗ್ಗೆ ಹೋಗಿ ನೋಡಿಕೊಂಡು ಬಾ. ಹೆಸರು ಮಾತ್ರ ತರಬೇಡ.”

ಮರುದಿನ ಬೆಳಗ್ಗೆ ಸೋನೆ ನಿಂತಿತ್ತು. ಕಲಾವತಿ ಕಾಡಿನ ಕಡೆಯಿಂದ ಬಂದು ಕಾರೆ ಪೊದೆಗೆ ಸ್ವಲ್ಪ ದೂರದ ಬಂಡೆಯ ಮರೆಯಲ್ಲಿ ಕೂತಳು. ಬಂಡೆ ಒದ್ದೆ. ಕೊಡೆಯನ್ನು ಮಡಚಿ ಅದರ ಮೇಲೇ ಕೂತಳು.

ಮೊದಲು ಹರಟೆಮಲ್ಲಗಳು ಬಂದವು. ಒಂದರ ಹಿಂದೆ ಒಂದು, ಕುಪ್ಪಳಿಸುತ್ತಾ. ಎಣಿಸಿದಳು. ಆರು.

ಆಮೇಲೆ ಆ ಹಕ್ಕಿ ಬಂತು. ಪೊದೆಯ ಹೊರಗಿನ ಒಂದು ಕೊಂಬೆಯ ಮೇಲೆ ಕೂತಿತು. ಗಿಡುಗ ಎಂಬ ಮಾತು ಅವಳ ನಾಲಿಗೆಗೆ ಮತ್ತೆ ಬಂತು. ನುಂಗಿಕೊಂಡಳು. ದುರ್ಬೀನು ಎತ್ತಿದಳು.

ಎದೆ ಬಿಳುಪು. ಮೇಲೆ ಕಂದು ಹನಿ ಹನಿ. ಗಿಡುಗದ ಮರಿಗೂ ಹೀಗೇ ಇರುತ್ತದೆ. ಬಾಲಕ್ಕೆ ಅಡ್ಡ ಪಟ್ಟಿ. ಅದೂ ಇರುತ್ತದೆ. ಕೊಕ್ಕು? ತುದಿ ಸ್ವಲ್ಪ ಬಾಗಿದೆ. ಆದರೆ ಕೊಂಡಿ ಇಲ್ಲ. ಮಾಂಸ ಹರಿಯುವ ಕೊಕ್ಕು ಇದಲ್ಲ. ಕಾಲು? ಗಿಡ್ಡ. ಬೆರಳು ಎರಡು ಮುಂದೆ, ಎರಡು ಹಿಂದೆ. ಗಿಡುಗಕ್ಕೆ ಮೂರು ಮುಂದೆ, ಒಂದು ಹಿಂದೆ.

ಇದು ಗಿಡುಗ ಅಲ್ಲ ಎಂದು ಗೊತ್ತಾಯಿತು. ಆದರೂ ಹೆಸರು ಹೇಳಿಕೊಳ್ಳಲಿಲ್ಲ. ಏನು ಮಾಡುತ್ತದೆ ನೋಡೋಣ ಎಂದು ಕಾದಳು.

ಹಕ್ಕಿ ರೆಕ್ಕೆಗಳನ್ನು ಕೆಳಗೆ ಬಿಟ್ಟು ನಡುಗಿಸಿತು. ಬಾಯಿ ಅಗಲಕ್ಕೆ ತೆರೆಯಿತು. ಕೀರಲು ದನಿಯಲ್ಲಿ ಬೇಡಿತು. ಒಂದು ಹರಟೆಮಲ್ಲ ಕೊಕ್ಕಿನಲ್ಲಿ ಕಂಬಳಿಹುಳು ಹಿಡಿದು ಓಡಿ ಬಂತು. ಅದು ಈ ಹಕ್ಕಿಗಿಂತ ಚಿಕ್ಕದು. ಬಾಯಿ ಎಟುಕಲಿಲ್ಲ. ಮೇಲಿನ ಕೊಂಬೆಗೆ ಹತ್ತಿ, ಬಗ್ಗಿ, ಹುಳುವನ್ನು ಆ ದೊಡ್ಡ ಬಾಯಿಯೊಳಗೆ ಇಟ್ಟಿತು. ಇಡುವಾಗ ಅದರ ತಲೆಯೂ ಅರ್ಧ ಬಾಯಿಯೊಳಗೆ ಹೋಯಿತು.

ಆಗ ಹೆಸರು ತಾನಾಗಿ ಬಂತು. ಗಿಡುಗ ಕೋಗಿಲೆ. ಗಿಡುಗದಂಥ ಅಂಗಿ ತೊಟ್ಟ ಕೋಗಿಲೆ. ಹರಟೆಮಲ್ಲದ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಹರಟೆಮಲ್ಲ ತನ್ನದೇ ಎಂದು ಸಾಕುತ್ತದೆ. ಇದು ಆ ಮರಿ. ಹುಳು ತಿನ್ನುವ ಮರಿ. ಕೋಳಿಮರಿಯ ತಂಟೆಗೆ ಎಂದೂ ಹೋಗದ ಮರಿ.

ಕಲಾವತಿ ಅಲ್ಲೇ ಕೂತು ಒಬ್ಬಳೇ ನಕ್ಕಳು.

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಹರಟೆಮಲ್ಲ ಪೊದೆಯ ಒಳಕ್ಕೆ ಕುಪ್ಪಳಿಸಿತು. ಮರಿ ಅದರ ಹಿಂದೆಯೇ ಹಾರಿತು. ಹಾರಿದ್ದು ಅರ್ಧಕ್ಕೇ ನಿಂತಿತು. ಗಾಳಿಯಲ್ಲಿ ಯಾರೋ ಹಿಡಿದುಕೊಂಡ ಹಾಗೆ.

ಪೊದೆಯ ಹಿತ್ತಲ ಕಡೆಗೆ ಬಲೆ ಹೊದಿಸಿತ್ತು. ಕೆರೆಯಲ್ಲಿ ಮೀನು ಹಿಡಿಯುವ ಹಳೆಯ ಬಲೆ. ನಿನ್ನೆ ಇರಲಿಲ್ಲ. ನಿನ್ನೆಗೂ ಇವತ್ತಿಗೂ ನಡುವೆ ಇದ್ದದ್ದು ಒಂದೇ. ಅವಳು ಆಡಿದ ಒಂದು ಮಾತು.

ಆರೂ ಹರಟೆಮಲ್ಲಗಳು ಅರಚತೊಡಗಿದವು. ಹಿತ್ತಲ ಬಾಗಿಲು ತೆರೆಯಿತು. ತಿಪ್ಪಜ್ಜಿ ಕೋಲು ಹಿಡಿದು ಬಂದಳು. ಗೋಡೆಯ ಆಚೆಯಿಂದ ಪಕ್ಕದ ಮನೆಯ ಓಬಣ್ಣನೂ ಇಣುಕಿದ.

“ಬಿತ್ತೇನಜ್ಜಿ?”

“ಬಿತ್ತು ಕಣೋ! ಗಳ ತಗಂಬಾ. ಇದನ್ನ ಹೊಡೆದು ಹಿತ್ತಲಾಗೆ ನೇತು ಹಾಕ್ತೀನಿ. ಇನ್ನು ಇದರ ವಂಶದೋರು ಯಾರೂ ಈ ಕಡೆ ತಲೆ ಹಾಕಬಾರದು.”

ಆ ಊರಿನಲ್ಲಿ ಕಾಗೆಯ ಕಾಟಕ್ಕೆ ಸತ್ತ ಕಾಗೆಯನ್ನು ಕಟ್ಟುವುದುಂಟು. ಗಿಡುಗಕ್ಕೂ ಅದೇ ಮದ್ದು.

ಕಲಾವತಿ ಕಾರೆ ಮುಳ್ಳನ್ನೂ ಲೆಕ್ಕಿಸದೆ ಪೊದೆ ಸುತ್ತಿ ಓಡಿ ಬಂದಳು. ಕೈಯೆಲ್ಲ ಗೀರು.

“ಅಜ್ಜಿ, ಹೊಡೀಬೇಡ! ಅದು ಗಿಡುಗ ಅಲ್ಲ!”

ತಿಪ್ಪಜ್ಜಿಯ ಕೋಲು ಎತ್ತಿದಲ್ಲೇ ನಿಂತಿತು. “ಮತ್ತೇನು?”

“ಕೋಗಿಲೆ ಜಾತಿ.”

ಓಬಣ್ಣ ಗೊಳ್ಳನೆ ನಕ್ಕ. “ಕೋಗಿಲೆ ಕರ್ರಗಿರ್ತೈತೆ ಕಣಮ್ಮ. ಕಾಲೇಜಾಗೆ ಹೇಳ್ಕೊಡಲಿಲ್ವಾ?”

ತಿಪ್ಪಜ್ಜಿ ನಗಲಿಲ್ಲ. “ನಿನ್ನೆ ಗಿಡುಗ ಅಂದಿ. ಇವತ್ತು ಕೋಗಿಲೆ ಅಂತೀಯ. ನಾಳೆ ನವಿಲು ಅಂತೀಯೇನೇ? ನಿನ್ನ ಮಾತು ನಂಬಿ ಬಲೆ ಬೇಡಿ ತಂದೆ. ಬೀದಿಗೆಲ್ಲ ಹೇಳಿದೆ, ಕಲಮ್ಮ ನೋಡಿ ಹೇಳಿದ್ಲು ಅಂತ.”

ಕಲಾವತಿಯ ಬಳಿ ಬೇರೆ ಉತ್ತರಗಳಿದ್ದವು. ನಿನ್ನೆ ಇದ್ದದ್ದು ಬೇರೆ ಹಕ್ಕಿ ಎನ್ನಬಹುದಿತ್ತು. ಅದನ್ನು ಯಾರು ಪರೀಕ್ಷೆ ಮಾಡುತ್ತಿದ್ದರು?

“ನಿನ್ನೆ ನಾನು ನೋಡಿರಲಿಲ್ಲ ಅಜ್ಜಿ” ಎಂದಳು. “ಕಂಡ ಕೂಡಲೇ ಹೇಳಿಬಿಟ್ಟೆ. ತಪ್ಪು ನನ್ನದು. ಹಕ್ಕಿದಲ್ಲ.”

“ಈಗ ಸರಿ ಹೇಳ್ತಿದೀಯ ಅಂತ ಏನು ಗ್ಯಾರಂಟಿ?”

“ನನ್ನ ಮಾತು ನಂಬಬೇಡ. ಹೆಸರೂ ಬೇಡ. ಸ್ವಲ್ಪ ಹೊತ್ತು ಕೋಲು ಕೆಳಗಿಟ್ಟು ನನ್ನ ಜೊತೆ ನೋಡು. ಗಿಡುಗದ ಹಾಗೆ ಏನಾದ್ರೂ ಮಾಡಿದ್ರೆ ನೀನು ಹೊಡಿ. ನಾನು ತಡೆಯಲ್ಲ.”

ತಿಪ್ಪಜ್ಜಿಗೆ ಹುಡುಗಿಯ ಕೈಯ ರಕ್ತ ಕಂಡಿತು. ಗೊಣಗುತ್ತಲೇ ಕೋಲು ಕೆಳಗಿಟ್ಟಳು. ಇಬ್ಬರೂ ಗೋಡೆಗೆ ಒರಗಿ ಕೂತರು. ಓಬಣ್ಣನನ್ನು ಕಲಾವತಿ ಬಾಯಿ ಮೇಲೆ ಬೆರಳಿಟ್ಟು ಸುಮ್ಮನಾಗಿಸಿದಳು.

ಹರಟೆಮಲ್ಲಗಳು ಮೆಲ್ಲಗೆ ತಣ್ಣಗಾದವು. ಬಲೆಯಲ್ಲಿ ಮರಿ ಜೋತು ಬಿದ್ದಿತ್ತು. ಒಂದು ರೆಕ್ಕೆ ಒಳಗೆ, ಒಂದು ಹೊರಗೆ. ಬಾಯಿ ಮಾತ್ರ ಇನ್ನೂ ತೆರೆದಿತ್ತು.

ಒಂದು ಹರಟೆಮಲ್ಲ ಕೆಳಗಿಳಿದು ಎಲೆ ಕೆದಕಿತು. ಕಂಬಳಿಹುಳು ಸಿಕ್ಕಿತು. ಅದನ್ನು ಕಲ್ಲಿಗೆ ಉಜ್ಜಿ ರೋಮ ತೆಗೆಯಿತು. ಪೊದೆಗೆ ಹತ್ತಿತು. ಬಲೆ ಅಡ್ಡ ಬಂತು. ಆ ಕಡೆಯಿಂದ ನೋಡಿತು, ಈ ಕಡೆಯಿಂದ ನೋಡಿತು. ಕೊನೆಗೆ ಬಲೆಯ ಒಂದು ಕಣ್ಣಿನೊಳಗೆ ಕೊಕ್ಕು ತೂರಿಸಿ ಹುಳುವನ್ನು ಮರಿಯ ಬಾಯಿಗೆ ಇಟ್ಟಿತು.

ಇಟ್ಟು ಹಾರಿ ಹೋಗಲಿಲ್ಲ. ಮರಿಯ ತಲೆಯ ಗರಿಯನ್ನು ಬಲೆಯ ಹೊರಗಿನಿಂದಲೇ ನೇವರಿಸಿತು. ಆಮೇಲೆ ಇನ್ನೊಂದು ಹುಳು ಹುಡುಕಲು ಇಳಿಯಿತು.

ತಿಪ್ಪಜ್ಜಿ ಕೋಲನ್ನು ಕಾಲಿನಿಂದ ದೂರ ತಳ್ಳಿದಳು.

“ಗಿಡುಗದ ಬಾಯಿಗೆ ಹರಟೆಮಲ್ಲ ತುತ್ತು ಇಡಾಕಿಲ್ಲ” ಎಂದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ.

“ಇಡಲ್ಲ ಅಜ್ಜಿ.”

“ಅದರ ಮರಿಯೇನೇ ಇದು? ಇಷ್ಟು ದೊಡ್ಡದು!”

“ಅದರದ್ದಲ್ಲ. ಬೇರೆ ಹಕ್ಕಿ ಮೊಟ್ಟೆ ಇಟ್ಟು ಹೋಗಿದೆ. ಇದು ಕಾವು ಕೊಟ್ಟು ಸಾಕ್ತಿದೆ.”

ತಿಪ್ಪಜ್ಜಿ ತಿರುಗಿ ತನ್ನ ಅಂಗಳ ನೋಡಿದಳು. ಅಲ್ಲಿ ಅವಳ ನಾಟಿ ಕೋಳಿ ಮರಿಗಳನ್ನು ಕಟ್ಟಿಕೊಂಡು ಓಡಾಡುತ್ತಿತ್ತು. ಅವು ಆ ಕೋಳಿಯ ಮರಿಗಳಲ್ಲ. ಗಿರಿರಾಜ ಎಂಬ ದೊಡ್ಡ ತಳಿಯ ಕೋಳಿ ಕಾವಿಗೆ ಕೂರುವುದು ಅಪರೂಪ. ಅದಕ್ಕೇ ಗಿರಿರಾಜದ ಮೊಟ್ಟೆಗಳನ್ನು ತಿಪ್ಪಜ್ಜಿ ನಾಟಿ ಕೋಳಿಯ ಕೆಳಗೆ ಇಟ್ಟಿದ್ದಳು. ಇನ್ನು ಸ್ವಲ್ಪ ದಿನಕ್ಕೆ ಮರಿಗಳು ತಾಯಿಗಿಂತ ದೊಡ್ಡವಾಗುತ್ತವೆ. ಆಗಲೂ ಅದರ ರೆಕ್ಕೆಯ ಕೆಳಗೇ ತೂರಲು ನೋಡುತ್ತವೆ.

“ನಾನು ಮಾಡಿದ ಕೆಲಸಾನೇ ಅದೂ ಮಾಡೈತೆ” ಎಂದಳು. “ಇಟ್ಟೋಳು ಯಾರು? ನಮ್ಮ ಕಡೆ ಹಕ್ಕೀನಾ?”

“ಇಲ್ಲಿದೇ ಅಜ್ಜಿ. ಬೇಸಿಗೇಲಿ ಒಂದು ಹಕ್ಕಿ ಕೂಗುತ್ತಲ್ಲ, ಒಂದೇ ಮಾತನ್ನ ಮೇಲೆ ಮೇಲೆ ಏರಿಸ್ತಾ ಏರಿಸ್ತಾ? ಗಂಟಲು ಒಡೆಯೋ ಹಾಗೆ ಆಗಿ ಆಮೇಲೆ ನಿಲ್ಲಿಸುತ್ತೆ? ಅದರ ಮರಿ ಇದು.”

ತಿಪ್ಪಜ್ಜಿ ಎದ್ದು ನಿಂತಳು. “‘ಎಲ್ಲಿದೀ, ಎಲ್ಲಿದೀ’ ಅಂತ ಕೇಳ್ತೈತಲ್ಲ, ಅದಾ?”

ಕಲಾವತಿಗೆ ಆ ಕೂಗು ಹಾಗೆ ಕೇಳಬಹುದು ಎಂದು ಗೊತ್ತಿರಲಿಲ್ಲ. ಮನಸ್ಸಿನಲ್ಲೇ ಕೂಗಿಸಿ ನೋಡಿದಳು. “ಅದೇ ಅಜ್ಜಿ.”

“ಅಯ್ಯೋ ನನ್ನ ತಾಯಿ! ಬೇಸಿಗೆ ಪೂರ್ತಿ ಅದಕ್ಕೆ ಉತ್ತರ ಕೊಡೋಳು ನಾನು. ನಮ್ಮ ಯಜಮಾನ್ರು ಹೋದ ಮೇಲೆ ನನ್ನ ಎಲ್ಲಿದೀ ಅಂತ ಕೇಳೋದು ಅದೊಂದೇ. ‘ಇಲ್ಲೇ ಇದೀನಿ ಕಣೋ’ ಅಂತೀನಿ.”

“ಹೌದು, ದಿನಾ ಕೂಗ್ಕಂತಾಳೆ” ಎಂದ ಓಬಣ್ಣ ಗೋಡೆಯ ಮೇಲಿಂದ. “ನಂಗೇ ಹೇಳ್ತಿದಾಳೆ ಅಂದ್ಕಂಡು ನಾನು ಎಷ್ಟು ಸಲ ‘ಏನಜ್ಜಿ’ ಅಂದಿಲ್ಲ!”

ತಿಪ್ಪಜ್ಜಿ ಒಳಗೆ ಹೋಗಿ ಕುಡುಗೋಲು ತಂದಳು. ಮರಿಯ ಕಣ್ಣಿನ ಮೇಲೆ ಸೆರಗು ಹಾಕು ಎಂದು ಯಾರೂ ಹೇಳಿಕೊಡಲಿಲ್ಲ. ಕೋಳಿ ಹಿಡಿದು ಹಿಡಿದು ಅವಳಿಗೆ ಗೊತ್ತಿತ್ತು. ಕಲಾವತಿ ರೆಕ್ಕೆ ಹಿಡಿದುಕೊಂಡಳು. ಅಜ್ಜಿ ಬಲೆಯ ನೂಲನ್ನು ಒಂದೊಂದಾಗಿ ಕೊಯ್ದಳು.

“ಬಲೆ ನನ್ನ ತಮ್ಮನ ಮಗಂದು” ಎಂದ ಓಬಣ್ಣ.

“ನಿನ್ನ ತಮ್ಮನ ಮಗನಿಗೆ ನಾನು ಹೇಳ್ಕಂತೀನಿ. ನೀನು ಬಾಯಿ ಮುಚ್ಕಂಡು ಆ ಕಡೆ ತುದಿ ಹಿಡಿ.”

ಅವನು ಗೋಡೆ ಹಾರಿ ಬಂದು ಹಿಡಿದ.

ಸೆರಗು ತೆಗೆದಾಗ ಮರಿ ಅಜ್ಜಿಯ ಅಂಗೈಯಲ್ಲಿ ಸ್ವಲ್ಪ ಹೊತ್ತು ಹಾಗೇ ಕೂತಿತ್ತು. ಕಣ್ಣಿನ ಸುತ್ತ ಹಳದಿ ಬಳೆ. ಅವಳ ಕಡೆಗೂ ಒಮ್ಮೆ ಬಾಯಿ ತೆರೆಯಿತು.

“ನನ್ನ ಹತ್ರ ಹುಳ ಇಲ್ಲ ಕಣಪ್ಪ” ಎಂದಳು ತಿಪ್ಪಜ್ಜಿ. “ಹೋಗು, ನಿಮ್ಮಮ್ಮ ಕಾಯ್ತೈತೆ.”

ಅದು ಹಾರಿ ಪೊದೆಗೆ ಹೋಯಿತು. ಆರೂ ಹರಟೆಮಲ್ಲಗಳು ಒಟ್ಟಿಗೆ ಮಾತಾಡಿದವು.

ಕೋಳಿಮರಿಯ ಪ್ರಶ್ನೆ ಹಾಗೇ ಉಳಿದಿತ್ತು. “ಹಂಗಾದ್ರೆ ನನ್ನ ಮರಿ ತಿನ್ನೋದು ಯಾವುದು?” ಎಂದು ತಿಪ್ಪಜ್ಜಿ ಕೇಳಿದಳು.

“ಗೊತ್ತಿಲ್ಲ ಅಜ್ಜಿ. ನೋಡೋಣ.”

ಈ ಸಲ ಇಬ್ಬರೂ ನೋಡಿದರು. ಸಂಜೆಯ ಹೊತ್ತಿಗೆ ಕಲ್ಲಿನ ಗೋಡೆಯ ಬುಡದ ಸಂದಿನಿಂದ ಒಂದು ಮುಂಗುಸಿ ಮೂತಿ ಹೊರಗೆ ಹಾಕಿತು. ಓಬಣ್ಣ ದಪ್ಪ ಕಲ್ಲು ತಂದು ಸಂದು ಮುಚ್ಚಿದ. ಅದಾದ ಮೇಲೆ ಕೋಳಿಮರಿ ಮಾಯವಾಗಲಿಲ್ಲ. ಮುಂಗುಸಿಯನ್ನೂ ಯಾರೂ ಕೊಲ್ಲಲಿಲ್ಲ.

ಕಲಾವತಿ ಮೇಷ್ಟ್ರ ಮನೆಗೆ ಹೋದಳು. ಎಲ್ಲಿ ಕೂತಿತ್ತು, ಏನು ಮಾಡಿತು, ಕೊಕ್ಕು, ಕಾಲು, ಬಾಲ, ಸುತ್ತಲಿನ ಹಕ್ಕಿ, ಎಲ್ಲ ಕ್ರಮವಾಗಿ ಹೇಳಿದಳು. ಬಲೆಯ ವಿಷಯವನ್ನೂ ಹೇಳಿದಳು. ತಾನು ಏನೆಂದೆ ಎಂಬುದನ್ನೂ ಬಿಡಲಿಲ್ಲ. ಹೆಸರು ಮಾತ್ರ ಹೇಳಲಿಲ್ಲ.

ಮೇಷ್ಟ್ರು ಅವಳ ಗೀರು ಬಿದ್ದ ಕೈ ನೋಡಿದರು. ಒಳಗಿನಿಂದ ಅರಿಶಿನ ತರಿಸಿದರು.

“ಈಗ ಹೆಸರು ಹೇಳು.”

“ಗಿಡುಗ ಕೋಗಿಲೆ.”

“ಸರಿ.”

“ನಿಮಗೆ ನಿನ್ನೆಯೇ ಗೊತ್ತಿತ್ತಾ ಸಾರ್?”

“ಇಲ್ಲಮ್ಮ” ಎಂದರು ಮೇಷ್ಟ್ರು. “ನಾನೆಲ್ಲಿ ನೋಡಿದ್ದೆ?”

ಈ ವರ್ಷ ಬೇಸಿಗೆಯಲ್ಲಿ ಜಾಲಿ ಮರದಿಂದ ಮತ್ತೆ ಕೂಗು ಬಂತು. ಎಲ್ಲಿದೀ, ಎಲ್ಲಿದೀ, ಎಲ್ಲಿದೀ. ಹೋದ ವರ್ಷದ ಮರಿಯೇ ದೊಡ್ಡದಾಗಿ ಕೂಗುತ್ತಿದೆ ಎಂದು ತಿಪ್ಪಜ್ಜಿ ಹೇಳುತ್ತಾಳೆ. ಇರಬಹುದು, ನಾನು ನೋಡಿಲ್ಲ ಎಂದು ಕಲಾವತಿ ಹೇಳುತ್ತಾಳೆ. ಉತ್ತರವನ್ನು ಮಾತ್ರ ಇಬ್ಬರೂ ಒಟ್ಟಿಗೆ ಕೊಡುತ್ತಾರೆ.

ನೀತಿ: ಕಂಡದ್ದೆಲ್ಲ ನೋಡಿದ್ದಲ್ಲ. ನೋಡದೆ ಇಟ್ಟ ಹೆಸರು ಒಂದು ಜೀವವನ್ನು ಕೊಲ್ಲಬಹುದು. ಹಾಗೆ ಹೆಸರಿಟ್ಟಿದ್ದರೆ, ಇಟ್ಟವರೇ ಎಲ್ಲರ ಎದುರು ಹಿಂದಕ್ಕೆ ತೆಗೆದುಕೊಳ್ಳಬೇಕು. ಆ ದಿನ ಕಾರೆ ಪೊದೆಯಲ್ಲಿ ಹರಟೆಮಲ್ಲ ಆರು, ಗಿಡುಗ ಕೋಗಿಲೆ ಒಂದು, ಗಿಡುಗ ಸೊನ್ನೆ.